ವಿನಿಯ ಗುಡಾರ, ಆಳಿಲ್ಲದ ಅಂಗಡಿ

ನಮ್ಮ ನಗರಸಭೆಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಕಳೆದ ಮೇ ಹನ್ನೊಂದರಂದು ನಿಮ್ಮ ಕಚೇರಿ ನನ್ನ ಅಕ್ಕ ವಿನಿಫ್ರೆಡ್‌ಳ, ಅಂದರೆ ನಮ್ಮ ವಿನಿಯ, ಅಡುಗೆಮನೆಯಿಂದ ಒಂದು ಗುಡಾರವನ್ನು ಎತ್ತಿಸಿತು. ಅದೇ ಬೀದಿಯ ತುದಿಯಲ್ಲಿ, ಹಿಂದೆ ಉಣ್ಣೆ ಮಾರುತ್ತಿದ್ದ ಅಂಗಡಿಯೊಳಗೆ, ಹದಿನಾಲ್ಕು ಸನ್‌ಬೆಡ್‌ಗಳು, ಮೈ ಕಂದಾಗಲೆಂದು ಜನ ಮಲಗುವ ನೇರಳಾತೀತ ದೀಪದ ಹಾಸಿಗೆಗಳು, ಇವತ್ತಿಗೂ ಉರಿಯುತ್ತಿವೆ. ಈ ಎರಡೂ ಸಂಗತಿಗಳನ್ನು ಒಂದೇ ಉಸಿರಿನಲ್ಲಿ ಹೇಳುವುದು ನನ್ನ ಉದ್ದೇಶ.

ಗುಡಾರವೆಂದರೆ ಮಕ್ಕಳು ಕಡಲತೀರದಲ್ಲಿ ಬಟ್ಟೆ ಬದಲಿಸುವಂಥದ್ದು. ಬಟ್ಟೆ ಒಗೆಯುವ ಯಂತ್ರದ ಪಕ್ಕದಲ್ಲಿ ಅದನ್ನು ನಿಲ್ಲಿಸಿ, ಶಾಲೆಯ ಬೀಳ್ಕೊಡುಗೆ ನೃತ್ಯಕ್ಕೆ ಹೊರಟ ಹುಡುಗಿಯರ ಮೈಗೆ ವಿನಿ ಕಂದು ಬಣ್ಣ ಸಿಂಪಡಿಸುತ್ತಿದ್ದಳು. ಹತ್ತು ತಿಂಗಳು ಕೋಟು ಬಿಚ್ಚದ ಇಂಗ್ಲೆಂಡಿನ ಈ ಮೂಲೆಯಲ್ಲಿ ಹಾಲಿನ ಬಾಟಲಿಯಂಥ ಕಾಲು ತೋರಿಸಿ ಕುಣಿಯಲು ಯಾವ ಹುಡುಗಿಯೂ ಒಪ್ಪುವುದಿಲ್ಲ. ಅದನ್ನು ತಿದ್ದಲು ನನ್ನಿಂದಾಗದು, ನಿಮ್ಮಿಂದಲೂ ಆಗದು. ವಿನಿಯ ಬಣ್ಣ ಚರ್ಮದ ಮೇಲ್ಪದರದಲ್ಲೇ ಕೂತು ವಾರದಲ್ಲಿ ತೊಳೆದು ಹೋಗುತ್ತದೆ. ಸುಟ್ಟ ಬಿಸ್ಕತ್ತಿನ ವಾಸನೆಯೊಂದೇ ಅದರ ದೋಷ. ಬಣ್ಣ ತಾಗಿ ಮನೆಯ ಹಾಸಿಗೆ, ಸೋಫಾ ಹಾಳಾಗಬಾರದೆಂದು ಹುಡುಗಿಯರು ಅಪ್ಪಂದಿರು ರಾತ್ರಿ ತೊಡುವ ಕಪ್ಪು ನಿಲುವಂಗಿ ತೊಟ್ಟು ಬರುತ್ತಿದ್ದರು. "ರಾತ್ರಿಯುಡುಪಿನ ಯುವತಿಯರು ಹಗಲುಹೊತ್ತಿನಲ್ಲಿ ಬಂದು ಹೋಗುತ್ತಿದ್ದಾರೆ" ಎಂದು ನಿಮ್ಮ ನೋಟಿಸಿನಲ್ಲಿದೆ. ಎಪ್ಪತ್ತೊಂದರ ನನ್ನ ಅಕ್ಕ ಎಂಥ ಮನೆ ನಡೆಸುತ್ತಿದ್ದಾಳೆಂದು ನೀವು ಊಹಿಸಿದಿರೋ, ಕೇಳುವ ಧೈರ್ಯ ನನಗಿಲ್ಲ.

ಸಿಂಪಡಿಸುವ ಮೊದಲು ಅವಳದೊಂದು ನಿಯಮವಿತ್ತು. ಲಂಗ ಮೇಲೆತ್ತಿ ತನ್ನ ಮೀನಖಂಡ ತೋರಿಸುತ್ತಿದ್ದಳು. ಅಲ್ಲೊಂದು ಗುಂಡಿಯಿದೆ.

"ಹೆಬ್ಬೆರಳಿಡು ಇಲ್ಲಿ."

"ಅಯ್ಯೋ ಅಜ್ಜಿ, ಬ್ಯಾಡ."

"ಇಡೇ. ಇಟ್ಟೋರಿಗೆ ಮಾತ್ರ ಬಣ್ಣ."

ಆ ಗುಂಡಿಯ ಕಥೆ ನಿಮ್ಮ ಕಡತಗಳಲ್ಲಿ ಸಿಗಲಾರದು, ನನ್ನ ನೆನಪಿನಲ್ಲಿದೆ. 1983ರಲ್ಲಿ ನಮ್ಮ ನಗರಸಭೆಯೇ ಈಜುಕೊಳದ ಕಟ್ಟಡದಲ್ಲಿ ಎರಡು ಸನ್‌ಬೆಡ್ ಇಡಿಸಿತು. ಅಂದಿನ ಮೇಯರ್ ಕೊರಳಿನ ಅಧಿಕಾರದ ಸರಪಳಿ ಕಳಚಿ, ಒಂದರ ಮೇಲೆ ಮಲಗಿ ಪತ್ರಿಕೆಯ ಚಿತ್ರಕ್ಕೆ ನಕ್ಕರು. "ಆರೋಗ್ಯಕ್ಕೆ ಬೆಳಕು" ಎಂಬ ಫಲಕ ನೇತು ಹಾಕಲಾಯಿತು. ಟಿಕೆಟ್ ಕಿಟಕಿಯಲ್ಲಿ ಕೂರುತ್ತಿದ್ದ ವಿನಿಗೆ ನೌಕರಳೆಂದು ಪುಕ್ಕಟೆ ಅವಕಾಶ. ಹದಿಮೂರು ವರ್ಷದ ನಂತರ, ಕ್ಯಾನ್ಸರಿಗೆ ತಿರುಗಿದ ಮೀನಖಂಡದ ಮಚ್ಚೆಯನ್ನು ಸುತ್ತಲಿನ ಮಾಂಸದೊಂದಿಗೆ ಕೊಯ್ದು ತೆಗೆದರು. ಫಲಕ ಎಲ್ಲಿ ಹೋಯಿತೋ ತಿಳಿಯದು. ಯಾರೂ ಕ್ಷಮೆ ಕೇಳಲಿಲ್ಲ, ನಾವೂ ನಿರೀಕ್ಷಿಸಲಿಲ್ಲ.

ನೋಟಿಸು ಬಂದ ಮರುದಿನ ನಿಮ್ಮ ಕಚೇರಿಗೆ ಬಂದಿದ್ದೆ. ಕೌಂಟರಿನ ಹುಡುಗ ಸಭ್ಯ, ಅವನ ಮೇಲೆ ನನ್ನ ದೂರಿಲ್ಲ.

"ಸನ್‌ಬೆಡ್ ಅಂಗಡಿಗೆ ಮೂರು ಸಲ ಹೋಗಿದ್ವಿ ಸರ್. ಅಲ್ಲಿ ಯಾರೂ ಇರ್ಲಿಲ್ಲ."

"ಯಾರೂ ಇರಲ್ಲ ಅನ್ನೋದೇ ನನ್ನ ದೂರಪ್ಪ."

"ಯಾರೂ ಇಲ್ಲಾಂದ್ರೆ ನೋಟಿಸು ಯಾರ ಕೈಗೆ ಕೊಡೋದು, ನೀವೇ ಹೇಳಿ."

ವಿನಿ ಸದಾ ಮನೆಯಲ್ಲಿರುತ್ತಾಳೆ. ಬಾಗಿಲು ತಟ್ಟಿದರೆ ತೆರೆಯುತ್ತಾಳೆ, ಚಹಾ ಬೇಕೇ ಎಂದೂ ಕೇಳುತ್ತಾಳೆ. ಕಾನೂನು ಜಾರಿ ಮಾಡಲು ಅವಳಷ್ಟು ಅನುಕೂಲದ ಮನುಷ್ಯರು ಊರಲ್ಲಿ ಇನ್ನಾರಿದ್ದಾರೆ? ಅತ್ತ ಆ ಅಂಗಡಿಯ ಗಾಜಿಗೆ "ಹದಿನೆಂಟು ತುಂಬದವರಿಗೆ ಪ್ರವೇಶವಿಲ್ಲ" ಎಂದು ಅಂಟಿಸಿದ್ದಾರೆ. ಬಾಗಿಲು ತೆರೆಯಲು ಫೋನಿಗೊಂದು ಸಂಖ್ಯೆ ಬರುತ್ತದೆ. ಅದಕ್ಕೆ ಮೊದಲು ಫೋನು ವಯಸ್ಸು ಕೇಳುತ್ತದೆ, ಹೇಳಿದ್ದನ್ನು ನಂಬುತ್ತದೆ. ಇಷ್ಟು ಒಳ್ಳೆಯ ಕಾವಲುಗಾರನನ್ನು ನೇಮಿಸಿದವರಿಗೆ ನಮಸ್ಕಾರ.

ಈಗ ಟ್ಯಾಮ್ಸಿನ್ ವಿಷಯ. ವಿನಿಯ ಮೊಮ್ಮಗಳು, ಹದಿನಾರು ವರ್ಷ, ಅಜ್ಜಿಯದೇ ತೆಳು ಚರ್ಮ, ಬೆನ್ನ ತುಂಬ ಮಚ್ಚೆ. ಅವಳ ನೃತ್ಯ ಇದೇ ಜೂನ್ ಇಪ್ಪತ್ತೇಳಕ್ಕೆ. ನಾಲ್ಕು ಸಲ ಆ ಅಂಗಡಿಗೆ ಹೋಗಿ ಬಂದಿದ್ದಾಳೆ. ಮೂರನೇ ಸಲ ಭುಜ ಸುಲಿದು, ಎರಡು ದಿನ ಬೋರಲು ಮಲಗಿದ್ದಳು. ಕಳೆದ ಭಾನುವಾರ ಊಟದ ಮೇಜಿನಲ್ಲಿ ನಾನೂ ಇದ್ದೆ.

"ಇನ್ನು ಹೋಗ್ಬ್ಯಾಡ ಕಣೇ," ಎಂದಳು ವಿನಿ.

"ಹಂಗಾದ್ರೆ ಗುಡಾರ ಹಾಕು."

"ಹಾಕಿದ್ರೆ ಮನೆ ಬಿಡಿಸ್ತಾರಂತೆ."

"ಮತ್ತೆ ಸುಮ್ನಿರು ಅಜ್ಜಿ. ಎಲ್ರೂ ಹೋಗ್ತಾರೆ. ನಾನೊಬ್ಳು ಬಿಳಿ ದೆವ್ವದ ಥರ ನಿಂತ್ಕೊಳ್ಳಾ?"

"ಬೆನ್ನಾದ್ರೂ ತೋರ್ಸು."

"ಬ್ಯಾಡ."

ವಿನಿ ಆಲೂಗಡ್ಡೆಯ ಬಟ್ಟಲನ್ನು ಅವಳತ್ತ ಸರಿಸಿದಳು. ಮತ್ತೇನು ಮಾಡಬಹುದಿತ್ತು? ಅವಳಿರುವುದು ನಿಮ್ಮದೇ ಬಾಡಿಗೆ ಮನೆ. ಪರವಾನಗಿಯಿಲ್ಲದ ವ್ಯವಹಾರ ಮುಂದುವರಿದರೆ ಮನೆ ತೆರವು ಮಾಡಿಸಲಾಗುವುದು ಎಂಬುದು ನಿಮ್ಮ ನೋಟಿಸಿನ ಕೊನೆಯ ಸಾಲು. ಅವಳು ಪಡೆಯುತ್ತಿದ್ದುದು ಒಂದೊಂದು ಬಿಸ್ಕತ್ತು ಪೊಟ್ಟಣ. ಅದು ವ್ಯವಹಾರವಾದರೆ ಊರಿನ ಅರ್ಧ ಅಜ್ಜಿಯರು ವ್ಯಾಪಾರಿಗಳೇ. ಪರವಾನಗಿಗೆ ಅರ್ಜಿ ಹಾಕಿದೆವು. ಅಡುಗೆಮನೆಗೆ ಅದನ್ನು ಕೊಡುವುದಿಲ್ಲವಂತೆ.

ನನ್ನನ್ನು ಕಾಡುವುದು ಬಣ್ಣವಲ್ಲ, ಬೆನ್ನು. ಹದಿನಾರರ ಹುಡುಗಿಯ ಬೆನ್ನನ್ನು ಯಾರು ನೋಡುತ್ತಾರೆ? ಅವಳಿಗೇ ಕಾಣದು, ತಾಯಿಗೆ ತೋರಿಸಳು. ಆ ಗುಡಾರದಲ್ಲಿ ಮಾತ್ರ, ಕೈಯೆತ್ತಿ, ತಿರುಗಿ, ಅಲುಗಾಡದೆ ನಿಲ್ಲಬೇಕಿತ್ತು. ವಿನಿ ಕನ್ನಡಕ ಹಾಕಿಕೊಂಡು ಭುಜದಿಂದ ಸೊಂಟದವರೆಗೆ ಮಚ್ಚೆಗಳನ್ನು ಓದುತ್ತಿದ್ದಳು. ಆರು ವರ್ಷದಲ್ಲಿ ಇಬ್ಬರನ್ನು ವೈದ್ಯರ ಹತ್ತಿರ ಓಡಿಸಿದ್ದಳು. ಅದರಲ್ಲೊಬ್ಬಳಿಗೆ, ಇನ್ನೊಂದು ವರ್ಷ ಬಿಟ್ಟಿದ್ದರೆ ತಡವಾಗುತ್ತಿತ್ತು ಎಂದರಂತೆ. ವಿನಿ ವೈದ್ಯಳಲ್ಲ, ಹಾಗೆಂದು ಹೇಳಿಕೊಂಡವಳೂ ಅಲ್ಲ. ಆದರೆ ಅವಳು ನೋಡುತ್ತಿದ್ದಳು. ನೀವು ಎತ್ತಿಸಿದ್ದು ಅದನ್ನು.

ಟ್ಯಾಮ್ಸಿನ್‌ಳ ಎಡ ಹೆಗಲೆಲುಬಿನ ಕೆಳಗೆ ಒಂದು ಮಚ್ಚೆಯಿದೆ. ಕಳೆದ ವರ್ಷ ಪೆನ್ಸಿಲ್ಲಿನ ಹಿಂತುದಿಗಿಂತ ಚಿಕ್ಕದಿತ್ತೆಂದು ವಿನಿ ಬರೆದಿಟ್ಟಿದ್ದಾಳೆ. ಈ ವರ್ಷ ಎಷ್ಟಿದೆ, ನಮಗೆ ಗೊತ್ತಿಲ್ಲ.

ಗುರುವಾರ ನಿಮ್ಮ ತೆರೆದ ಸಭೆಯಿದೆ. ಗುಡಾರವನ್ನು ವಾಪಸು ಕೊಡಿ ಎಂದರೆ ನಿಯಮ ತೋರಿಸುತ್ತೀರಿ, ಅಂಗಡಿಯನ್ನು ಮುಚ್ಚಿಸಿ ಎಂದರೆ ಖಾಲಿ ಕುರ್ಚಿ ತೋರಿಸುತ್ತೀರಿ. ಆದ್ದರಿಂದ ಒಂದೇ ಪ್ರಶ್ನೆ. ಇನ್ನು ಮುಂದೆ ಈ ಹುಡುಗಿಯರ ಬೆನ್ನು ನೋಡುವ ಕೆಲಸ ನಿಮ್ಮ ಕಚೇರಿಯಲ್ಲಿ ಯಾರದು? ಎದ್ದು ನಿಂತು, ಹಿಂದಿನ ಸಾಲಿಗೂ ಕೇಳಿಸುವಂತೆ ಉತ್ತರಿಸಿ. ಆ ಸಾಲಿನಲ್ಲಿ ವಿನಿ ಕೂತಿರುತ್ತಾಳೆ.

ಇಂತಿ,
ನೋಟಿಸು ಕೊಡಲು ಸದಾ ಮನೆಯಲ್ಲೇ ಸಿಗುವವಳ ತಮ್ಮ,
ಸಿರಿಲ್ ಆಕ್ರಾಯ್ಡ್