ಗೋಡೆ ಬಳಿಯಲು ಬಿಡುವುದಿಲ್ಲ

ಹನಕೆರೆ,
12-8-1976

ಪ್ರೀತಿಯ ಅತ್ತೆಮ್ಮನವರಿಗೆ,

ನಿಮ್ಮ ಕಾಲಿಗೆ ಬಿದ್ದೇ ಈ ಕಾಗದ ಶುರುಮಾಡುತ್ತಿದ್ದೇನೆ. ಬಿದ್ದಳು, ಅಂದಮೇಲೆ ಸೋತಳು ಎಂದು ಮಾತ್ರ ತಿಳಿಯಬೇಡಿ. ಮೊದಲು ನಿಮ್ಮ ಮಂಡಿನೋವು ಹೇಗಿದೆ ತಿಳಿಸಿ. ಮಲ್ಲಿಗಮ್ಮ ಹೇಗಿದ್ದಾಳೆ? ಏಳು ತಿಂಗಳು ತುಂಬುತ್ತಾ ಬಂತಲ್ಲ, ಕಾಲು ಊದಿದೆಯೇ, ಹೊಟ್ಟೆ ತುಂಬ ಉಣ್ಣುತ್ತಾಳೆಯೇ? ಇಲ್ಲಿ ಮಾವನವರು ಚೆನ್ನಾಗಿದ್ದಾರೆ. ನೀವು ಹೋದಮೇಲೆ ನನ್ನ ಸಾರಿಗೆ ಉಪ್ಪು ಸಾಲದು ಎನ್ನುವುದನ್ನೇ ಬಿಟ್ಟಿದ್ದಾರೆ, ಹೆದರಿಕೆಯೋ ಕರುಣೆಯೋ ಗೊತ್ತಿಲ್ಲ. ನಿಮ್ಮ ಮಗ ಅಮ್ಮ ಹೇಳಿದ್ದೂ ಸರಿ, ಹೆಂಡತಿ ಹೇಳಿದ್ದೂ ಸರಿ ಎಂದುಕೊಂಡು ಕಬ್ಬಿನ ಗದ್ದೆಯಲ್ಲೇ ಹೊತ್ತು ಕಳೆಯುತ್ತಿದ್ದಾರೆ. ಈ ಕಾಗದವನ್ನು ನಿಮಗೆ ಓದಿ ಹೇಳುವವಳು ಮಲ್ಲಿಗಮ್ಮನೇ ಅಲ್ಲವೇ? ಮಲ್ಲಿ, ಅಮ್ಮನಿಗೆ ಕೋಪ ಬರುತ್ತದೆಂದು ನಡುನಡುವೆ ನುಂಗಬೇಡ. ನಿನ್ನ ಅತ್ತಿಗೆ ಏಳನೇ ಕ್ಲಾಸಿನವರೆಗೆ ಓದಿದ್ದು ಹೀಗೆ ಕಾಗದದಲ್ಲೂ ಜಗಳವಾಡುವುದಕ್ಕೇ.

ಈಗ ಆ ದಿನದ ಮಾತಿಗೆ ಬರುತ್ತೇನೆ. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುವ ಮೊದಲು ಗೋಡೆಗೆಲ್ಲ ಕೆಮ್ಮಣ್ಣು, ಸಗಣಿ ಕಲಸಿ ಬಳಿಯುವುದು ಪದ್ಧತಿ. ನಾನು ಇಲ್ಲವೆಂದೆನೇ? ಆದರೆ ಮಲೇರಿಯಾದವರು ಬಂದು ಒಳಗೆಲ್ಲ ಡಿಡಿಟಿ ಹೊಡೆದು ಹೋಗಿ ವಾರವೂ ಆಗಿರಲಿಲ್ಲ. ಅದರ ಮೇಲೆ ಮಣ್ಣು ಬಳಿದರೆ ಮದ್ದು ಅಡಿಗೆ ಹೋಯಿತು, ಸೊಳ್ಳೆ ಆರಾಮವಾಗಿ ಮೇಲೆ ಕೂತಿತು. ಮದ್ದು ಹೊಡೆದ ಅಂಕಯ್ಯ ನಿಮ್ಮೆದುರಿಗೇ ಹೇಳಲಿಲ್ಲವೇ, “ರಕ್ತ ಕುಡುದ್ ಸೊಳ್ಳೆಗೆ ಆರಕ್ಕಾಗಕಿಲ್ಲ ಕಣವ್ವಾ, ಓಗಿ ಗೋಡೆ ಮ್ಯಾಲೆ ಕುಂತ್ಕತದೆ, ಅಲ್ಲೇ ಸಾಯ್ತದೆ. ಮಳೆಗಾಲ ಮುಗಿಯಗಂಟ ಗೋಡೆ ಮುಟ್ಬ್ಯಾಡಿ” ಎಂದು? ನೀವು ಹೂಂ ಎಂದು ತಲೆಯಾಡಿಸಿ, ಅವನಿಗೆ ಮಜ್ಜಿಗೆಯನ್ನೂ ಕೊಟ್ಟು ಕಳಿಸಿದಿರಿ. ಆಮೇಲೆ ನಾನು ಗದ್ದೆಗೆ ಹೋದದ್ದೇ ನೋಡಿಕೊಂಡು ಮಣ್ಣು ಕಲಸಿಟ್ಟಿರಿ. ನಾನು ಬಂದವಳೇ ಅದನ್ನು ಎತ್ತಿ ತಿಪ್ಪೆಗೆ ಸುರಿದೆ. ಸುರಿದದ್ದಕ್ಕೆ ತಪ್ಪಾಯಿತು ಎಂದು ಈಗಲೂ ಹೇಳುವುದಿಲ್ಲ. “ಗೋಡೆ ನೋಡುದ್ರೆ ಹಾಳು ಸುರಿತಾ ಅದೆ, ಬೀಗ್ರು ಬಂದ್ರೆ ಮೊಕುಕ್ ಉಗೀತಾರೆ, ಇದು ನನ್ ಮನೆ ಕಣಮ್ಮಿ” ಎಂದಿರಿ. “ನನ್ ಮನೇನೂ ಹೌದು” ಎಂದೆ ನಾನು. ಅಷ್ಟಕ್ಕೇ ಸೀರೆ ಗಂಟು ಕಟ್ಟಿಕೊಂಡು, ಮಲ್ಲಿಯ ಹೆರಿಗೆಯನ್ನು ಬೀಗರ ಮನೆಯಲ್ಲೇ ಮಾಡಿಸುತ್ತೇನೆಂದು ಕಿರುಗಾವಲಿಗೆ ಹೊರಟುಬಿಟ್ಟಿರಲ್ಲ, ಬೀಗರು ಈಗ ಏನು ಆರತಿ ಎತ್ತುತ್ತಿದ್ದಾರೆಯೇ?

ಹಳ್ಳಕ್ಕೆ ಬಿದ್ದವರಿಗೆ ಆಳಿಗೊಂದು ಕಲ್ಲು. ಪಕ್ಕದ ಮನೆ ಬೆಳ್ಳಮ್ಮ ನಲ್ಲಿಯ ಹತ್ತಿರ ಎಲ್ಲರ ಮುಂದೆ, “ಅತ್ತೆನ ಓಡ್ಸಿಬುಟ್ಟು ಗೋಡೆ ಕಾಯ್ತಾ ಕುಂತಿದ್ದೀಯಲ್ಲಮ್ಮಿ” ಎಂದಳು. ಹೌದು, ಕಾಯ್ತಾ ಇವ್ನಿ, ನಿಮ್ಮ ಮನೆ ಗೋಡೆಯನ್ನೂ ಕಾಯಲೇ ಎಂದೆ. ಬಿಂದಿಗೆ ಎತ್ತಿಕೊಂಡು ನಡೆದಳು. ಮದ್ದು ಹೊಡೆದ ಮೇಲೆ ತಿಗಣೆ ಜಾಸ್ತಿಯಾಯಿತು ಎನ್ನುತ್ತೀರಲ್ಲ, ಅದು ನಿಜ, ಒಪ್ಪಿಕೊಂಡೆ. ಮಂಚವನ್ನು ಬಿಸಿಲಿಗೆ ಹಾಕಿ ಕುದಿನೀರು ಸುರಿಯುತ್ತಿದ್ದೇನೆ. ತಿಗಣೆ ಕಚ್ಚಿದರೆ ಕೆರೆದುಕೊಳ್ಳಬಹುದು, ಸೊಳ್ಳೆ ಕಚ್ಚಿದರೆ ಕಂಬಳಿ ಮೇಲೆ ಕಂಬಳಿ ಹೊದ್ದು ನಡುಗಬೇಕು. ಹಿತ್ತಲಲ್ಲಿ ಬಚ್ಚಲ ನೀರು ನಿಲ್ಲುತ್ತಿದ್ದ ಗುಂಡಿಯನ್ನು ಮುಚ್ಚಿಸಿದೆ. ನಿಮ್ಮ ಹಳೇ ಬಾನಿಯನ್ನು ಬೋರಲು ಹಾಕಿದ್ದೇನೆ, ಒಡೆದಿಲ್ಲ, ಗಾಬರಿಯಾಗಬೇಡಿ. ಮಂಡ್ಯದಿಂದ ಸೊಳ್ಳೆ ಪರದೆಯನ್ನೂ ತರಿಸಿದೆ. ಹೋದ ಸಲ ಪರದೆಯ ಮಾತು ಎತ್ತಿದಾಗ “ಬದುಕಿರೋರಿಗೇ ಚಟ್ಟ ಕಟ್ತಾವ್ಳೆ” ಎಂದು ನಕ್ಕಿದ್ದಿರಿ. ಈಗ ಮಾವನವರೇ ಅದರೊಳಗೆ ಸೇರಿಕೊಂಡು ಗೊರಕೆ ಹೊಡೆಯುತ್ತಾರೆ, ಎಬ್ಬಿಸಿದರೂ ಈಚೆಗೆ ಬರುವುದಿಲ್ಲ. ಮಲ್ಲಿ ಬಂದ ದಿನ ಅವರನ್ನು ಜಗಲಿಗೆ ಕಳಿಸಿ ಪರದೆಯನ್ನು ಅವಳಿಗೆ ಕಟ್ಟುತ್ತೇನೆ.

ಮಲ್ಲಿ ಹೋದ ವಾರ ಬರೆದ ಕಾಗದ ಓದಿದ ಮೇಲೆ ನನಗೆ ಅನ್ನ ಇಳಿಯುತ್ತಿಲ್ಲ. ನೀವು ಬಂದಿದ್ದೀರೆಂದು ಅವಳ ಅತ್ತೆ ಮದ್ದು ಹೊಡೆದ ಗೋಡೆಗೆಲ್ಲ ಕೆಮ್ಮಣ್ಣು ಬಳಿದರಂತೆ, ಮನೆ ಕನ್ನಡಿಯ ಹಾಗಿದೆಯಂತೆ. ಅದೇ ಕಾಗದದ ಕೊನೆಯಲ್ಲಿ, ಅವಳ ಮಾವ ಲಿಂಗಯ್ಯನವರು ದಿನ ಬಿಟ್ಟು ದಿನ ಚಳಿಜ್ವರದಲ್ಲಿ ನಡುಗುತ್ತಿದ್ದಾರೆ, ಕಷಾಯ ಕುಡಿಸುತ್ತಿದ್ದೇವೆ ಎಂದೂ ಬರೆದಿದ್ದಾಳೆ. ಅವರನ್ನು ಕಚ್ಚಿದ ಸೊಳ್ಳೆ ಇನ್ನು ಯಾರನ್ನು ಕಚ್ಚುತ್ತದೆ ಅತ್ತೆಮ್ಮಾ? ಅದೇ ಸೂರಿನಡಿ ನಿಮ್ಮ ಮಗಳು ಬಸುರಿ ಹೊಟ್ಟೆ ಇಟ್ಟುಕೊಂಡು ಪರದೆಯಿಲ್ಲದೆ ಮಲಗಿದ್ದಾಳೆ. ಹೋದ ವರ್ಷ ನನಗೂ ಏಳೇ ತಿಂಗಳು. ತವರಿಗೆ ಕಳಿಸುವ ಮೊದಲೇ ಆ ಚಳಿಜ್ವರ ಹಿಡಿಯಿತು, ಮಗು ಉಳಿಯಲಿಲ್ಲ. ಈ ವಂಶದ ಇನ್ನೊಂದು ಮಗುವನ್ನು ಆ ಜ್ವರಕ್ಕೆ ನಾನು ಕೊಡುವುದಿಲ್ಲ. ಬೀಗರು ನಗಲಿ, ಊರು ನಗಲಿ, ನೀವು ಸಾಯುವ ತನಕ ನನ್ನ ಜೊತೆ ಮಾತು ಬಿಡಿ, ಕೊಡುವುದಿಲ್ಲ. ಲಿಂಗಯ್ಯನವರನ್ನು ನಾಳೆಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ರಕ್ತ ತೋರಿಸಿ, ಮಾತ್ರೆ ಕೊಟ್ಟಷ್ಟನ್ನೂ ನುಂಗಿಸಿ. ಜ್ವರ ಬಿಟ್ಟಿತೆಂದು ಅರ್ಧಕ್ಕೆ ನಿಲ್ಲಿಸಬೇಡಿ. ಬೆಂಕಿ ಬಿದ್ದಮೇಲೆ ಬಾವಿ ತೋಡುವ ಕೆಲಸ ನಮಗೆ ಬೇಡ.

ಸೋಮವಾರ ನಿಮ್ಮಿಬ್ಬರನ್ನೂ ಕರೆತರಲು ನಿಮ್ಮ ಮಗ ಅಲ್ಲಿಗೆ ಬರುತ್ತಾರೆ. ಮಳವಳ್ಳಿಯ ಮೇಲೆ ಮದ್ದೂರಿಗೆ ಬಸ್ಸು, ಅಲ್ಲಿಂದ ರೈಲು. ಸ್ಟೇಷನ್ನಿನಲ್ಲಿ ನಾನು ಗಾಡಿ ಕಟ್ಟಿಸಿಕೊಂಡು ನಿಂತಿರುತ್ತೇನೆ. ಬೀಗರೂ ಬೇಕಾದರೆ ಬಂದು ಬೆಳ್ಳಗೆ ಮಚ್ಚೆ ಬಿದ್ದ ನಮ್ಮ ಗೋಡೆ ನೋಡಿಕೊಂಡು ಹೋಗಲಿ. ಏನಿದು ಎಂದು ಕೇಳಿದರೆ ಸೊಸೆ ಕೊಬ್ಬಿದವಳು, ಬಳಿಯಲು ಬಿಡಲಿಲ್ಲ ಎಂದೇ ಹೇಳಿ. ನಿಜವೇ ತಾನೇ. ಮಳೆಗಾಲ ಮುಗಿದ ಮೇಲೆ ಮಗುವಿನ ಹೆಸರಿಡುವ ಹೊತ್ತಿಗೆ ಇಡೀ ಮನೆಯನ್ನು ನಾನೊಬ್ಬಳೇ ಬಳಿದು ರಂಗೋಲಿ ಎಳೆಯುತ್ತೇನೆ, ನೀವು ಜಗಲಿಯ ಮೇಲೆ ಕೂತು ಅದಕ್ಕೂ ಕೊಂಕು ತೆಗೆಯಿರಿ.

ಬೀಗರಿಗೂ ಬೀಗಿತಿಗೂ ನನ್ನ ನಮಸ್ಕಾರ. ಮಲ್ಲಿಗೆ ಮಾವನವರ ಆಶೀರ್ವಾದ.

ಇಂತು ನಿಮ್ಮ ಮೊಂಡು ಸೊಸೆ,
ಶಿವನಂಜಮ್ಮ

ಕಾಗದ ಮಡಿಸಿದವಳು ಮತ್ತೆ ಬಿಚ್ಚಿದೆ. ಮಲ್ಲಿ, ಇಷ್ಟನ್ನು ಮನೆಯಲ್ಲಿ ಯಾರೂ ಇಲ್ಲದಾಗ ಅಮ್ಮನಿಗೆ ಮೆಲ್ಲಗೆ ಓದು. ಅತ್ತೆಮ್ಮಾ, ಬೀಗರ ನಾಚಿಕೆಗೆ ನೀವು ಹೋಗಲಿಲ್ಲ, ನನಗೆ ಗೊತ್ತು. ಮದ್ದಿನ ಮೇಲೆ ಬಳಿಯಬಾರದು ಎಂದು ಈಗ ಒಪ್ಪಿದರೆ, ಹೋದ ವರ್ಷ ಗೌರಿ ಹಬ್ಬಕ್ಕೆ ನೀವು ಬಳಿದ ಗೋಡೆಯ ಮಾತು ಬರುತ್ತದೆಂದು ಹೋದಿರಿ. ಆ ಮಾತನ್ನು ನಾನು ಆಡಿಲ್ಲ, ಆಡುವುದೂ ಇಲ್ಲ. ಬೇರೆಯವರು ಆಡಿದರೆ ಅವರ ನಾಲಿಗೆ ಕೀಳುತ್ತೇನೆ. ನನ್ನ ಮಗುವನ್ನು ಕೊಂಡೊಯ್ದದ್ದು ಜ್ವರ. ನೀವು ಅದನ್ನು ತೊಳೆದು, ನಿಮ್ಮ ಮದುವೆ ಸೀರೆ ಹರಿದು ಸುತ್ತಿ, ಒಂದು ಸಲ ನನ್ನ ಮಡಿಲಲ್ಲಿಟ್ಟು, ಆಮೇಲೆ ಅತ್ತವರು. ಮಲ್ಲಿಯ ಮಗುವನ್ನೂ ನೀವೇ ಎತ್ತಬೇಕು, ಇದೇ ಮನೆಯಲ್ಲಿ. ದೀಪ ನಾನು ಹಿಡಿಯುತ್ತೇನೆ.