ಬುಧವಾರ ಬಿಚ್ಚಬೇಕಾದ ಗಂಟು

ವೆಸ್ಟರ್‌ಫೀಲ್ಡ್, ಒಹಾಯೊ
ಅಕ್ಟೋಬರ್ 19, ಭಾನುವಾರ

ಪ್ರೀತಿಯ ಅಕ್ಕ,

ನಿನ್ನ ಮಂಡಿ ಈಗ ಹೇಗಿದೆ? ಮೆಟ್ಟಿಲು ಹತ್ತಬೇಡಿ ಎಂದು ಡಾಕ್ಟರು ಹೇಳಿದ್ದರೂ ಚರ್ಚಿನಲ್ಲಿ ಹಾಡುವವರ ಸಾಲಿಗೆ ಏರಿ ನಿಂತೇ ಇರುತ್ತೀಯ, ನನಗೆ ಗೊತ್ತು. ಸಕ್ಕರೆ ಹತೋಟಿಯಲ್ಲಿದೆಯಾ? ನೀನು ಕಳಿಸಿದ ಪೆಕಾನ್ ಬೀಜದ ಡಬ್ಬಿ ಬಂತು. ಸಂಘದ ಹುಡುಗರು ಒಂದೇ ಸಂಜೆಗೆ ಮುಗಿಸಿದರು. ನಿನ್ನ ಬೆಳಗಿನ ಪ್ರಾರ್ಥನೆಯ ಫೋನು ನಡೆಯುತ್ತಿರಬೇಕು. ಕಳೆದ ಬೇಸಿಗೆಯಲ್ಲಿ ಮೇಕನ್‌ಗೆ ಬಂದಿದ್ದಾಗ ಅದರ ಸದ್ದಿಗೇ ನನಗೆ ಎಚ್ಚರವಾಗುತ್ತಿತ್ತು. ಹೊತ್ತು ಮೂಡುವ ಮುಂಚೆ ಜಾರ್ಜಿಯಾದ ಮೂಲೆಮೂಲೆಯ ಹೆಂಗಸರು ಒಂದೇ ಕರೆಯಲ್ಲಿ ಸೇರಿ, ಸರದಿಯ ಮೇಲೆ ತಮ್ಮ ಮನೆಯವರ ಕಷ್ಟವನ್ನು ದೇವರ ಮುಂದೆ ಹೇಳುವುದು, ಉಳಿದವರು ‘ಹೌದು ತಂದೆ, ಹೌದು’ ಎನ್ನುವುದು. ಅಷ್ಟು ಜನರ ದನಿ ನಿನ್ನ ಅಡುಗೆಮನೆಯ ಮೇಜಿನ ಮೇಲಿನ ಆ ಚಿಕ್ಕ ಫೋನಿನಲ್ಲಿ ಹೇಗೆ ಹಿಡಿಸುತ್ತಿತ್ತೋ.

ಈ ಭಾನುವಾರವೂ ನಾನು ಫೋನ್ ಮಾಡಲಿಲ್ಲ ಎಂದು ಮುನಿಸಿಕೊಂಡಿರುತ್ತೀಯ. ಮೈಯಲ್ಲಿ ಏನೂ ಆಗಿಲ್ಲ. ಇತ್ತೀಚೆಗೆ ಯಾರೊಡನೆ ಮಾತಾಡಿದರೂ ಆ ಮಾತು ಆಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸುವಂತಾಗಿದೆ. ವಿಶ್ವವಿದ್ಯಾಲಯ ಕೊಟ್ಟ ಮಿಂಚಂಚೆಯಲ್ಲಿ ಈಗ ಏನೂ ಬರೆಯುವುದಿಲ್ಲ. ಕಾಗದವಾದರೆ ಬರೆದವನ ಕೈಯಿಂದ ಓದುವವಳ ಕೈಗೆ ಹೋಗುತ್ತದೆ, ಅಷ್ಟೇ. ಇಪ್ಪತ್ತು ವರ್ಷ ಬಟ್ಟೆ ಅಂಗಡಿಯಲ್ಲಿ ಕಳ್ಳರನ್ನು ಕಾಯುತ್ತಿದ್ದವನ ಚಾಳಿ ಇದು ಎಂದು ನೀನು ನಗಬಹುದು. ಇರಬಹುದು. ಗಿರಾಕಿಗಳ ಮುಖ ನೋಡಬೇಡ, ಕೈ ನೋಡು ಎಂದು ಅಲ್ಲಿ ಕಲಿಸಿದ್ದರು. ಅಂಗಡಿ ಮುಚ್ಚಿತು, ನಾನು ನಲವತ್ತನಾಲ್ಕನೇ ವಯಸ್ಸಿನಲ್ಲಿ ಪುಸ್ತಕದ ಚೀಲ ಹೊತ್ತುಕೊಂಡೆ. ಕಣ್ಣು ಮಾತ್ರ ಇನ್ನೂ ಎದುರಿನವರ ಕೈಯ ಮೇಲೇ ಇರುತ್ತದೆ.

ಇಲ್ಲಿನ ಕಪ್ಪು ವಿದ್ಯಾರ್ಥಿಗಳ ಸಂಘಕ್ಕೆ ನಾನು ಸೇರಿದಾಗ ಹುಡುಗರು ನನ್ನನ್ನು ಪೊಲೀಸರ ಕಡೆಯವನು ಅಂದುಕೊಂಡಿದ್ದರು. ಅವರದು ತಪ್ಪಲ್ಲ. ಇಪ್ಪತ್ತರ ಹುಡುಗರ ನಡುವೆ ನರೆತ ಗಡ್ಡದವನೊಬ್ಬ ಬಂದು ಮೂಲೆಯಲ್ಲಿ ಕೂತು ಎಲ್ಲರ ಕೈ ನೋಡುತ್ತಿದ್ದರೆ ನಾನಾದರೂ ಹಾಗೇ ಅಂದುಕೊಳ್ಳುತ್ತಿದ್ದೆ. ‘ತಾತ, ಜೇಬಲ್ಲಿ ಬಿಲ್ಲೆ ಇದ್ರೆ ಈಗ್ಲೇ ತೆಗೆದು ತೋರಿಸ್ಬಿಡು, ಬೇಜಾರೇನಿಲ್ಲ’ ಎಂದಿದ್ದ ಜಮಾರ್ಕಸ್. ಈಗ ಅವನು ಉಪಾಧ್ಯಕ್ಷ, ನಾನು ಅಧ್ಯಕ್ಷ. ಹೆಸರು ಮಾತ್ರ ತಾತ ಎಂದೇ ಉಳಿಯಿತು. ಬುಧವಾರ ಎಲ್ಲರೂ ಸೂಟು ಹಾಕಬೇಕು, ಇದು ಸಂಘದ ಹಳೆಯ ಪದ್ಧತಿ. ಹೊಸಬ ಸೇರುವ ದಿನ ಅಧ್ಯಕ್ಷ ತನ್ನ ಕೈಯಾರೆ ಅವನ ಕುತ್ತಿಗೆಗೆ ಟೈ ಕಟ್ಟುತ್ತಾನೆ. ಯಾರನ್ನಾದರೂ ತೆಗೆದುಹಾಕಬೇಕಾದರೆ ಅದೇ ಕೈ ಎಲ್ಲರೆದುರು ಗಂಟು ಬಿಚ್ಚಬೇಕು. ಬಿಚ್ಚಿದ್ದನ್ನು ಇಲ್ಲಿ ಇರುವವರು ಯಾರೂ ನೋಡಿಲ್ಲ. ನಾನು ಮೊದಲು ಕಟ್ಟಿದ್ದು ಲೂಷಿಯಸ್ ಟಾಲಿವರ್ ಎಂಬವನಿಗೆ. ಗಲ್ಲ ಮೇಲೆತ್ತಿ, ಕಣ್ಣು ಮುಚ್ಚಿಕೊಂಡು, ಚುಚ್ಚುಮದ್ದಿಗೆ ಕಾಯುವವನ ಹಾಗೆ ನಿಂತಿದ್ದ. ಅವನ ಹೆಸರನ್ನು ನೀನು ಫೋನಿನಲ್ಲಿ ಕೇಳಿದ್ದೀಯ, ನಮ್ಮೆಲ್ಲರ ಕೂದಲು ಕತ್ತರಿಸುವವನು. ಈ ಊರಿನ ಕ್ಷೌರಿಕರಿಗೆ ನಮ್ಮ ಕೂದಲು ಹೇಗೆ ಹಿಡಿಯಬೇಕು ಎಂದೇ ತಿಳಿಯದು. ಸಂಘದ ನೆಲಮಾಳಿಗೆಯಲ್ಲಿ ಒಂದು ಹಳೆಯ ಕುರ್ಚಿ ಹಾಕಿಕೊಂಡು ಶನಿವಾರ ಅವನೇ ಕತ್ತರಿಸುತ್ತಾನೆ. ಓದಿನ ಖರ್ಚಿಗೆ ವಾರದಲ್ಲಿ ಕೆಲವು ಹೊತ್ತು ಡೀನ್ ಕಚೇರಿಯಲ್ಲಿ ಕೆಲಸವನ್ನೂ ಮಾಡುತ್ತಾನೆ. ಅವನಿಗೆ ತೊಂದರೆ ತಂದದ್ದು ಆ ಕೆಲಸವೇ.

ಮೊದಲ ವರ್ಷದ ಟೆವಿನ್‌ನನ್ನು ಗ್ರಂಥಾಲಯದಲ್ಲಿ ಪೊಲೀಸರು ಪದೇ ಪದೇ ಎಬ್ಬಿಸಿ ಐಡಿ ಕೇಳಿದರು, ಕೊನೆಗೆ ಹೊರಗೆ ನಿಲ್ಲಿಸಿದರು ಎಂದು ನಿನಗೆ ಹೇಳಿದ್ದೆನಲ್ಲ. ಐಡಿ ಅವನ ಕೊರಳಲ್ಲೇ ನೇತಾಡುತ್ತಿತ್ತು. ನಾವು ದೂರು ಕೊಟ್ಟೆವು, ಉತ್ತರ ಬರಲಿಲ್ಲ. ಬಂದದ್ದು ಆಮಂತ್ರಣ. ಟ್ರಸ್ಟಿಗಳ ಊಟದ ದಿನ ಸಂಘದವರು ಸೂಟು ಹಾಕಿಕೊಂಡು ಬಾಗಿಲಲ್ಲಿ ನಿಂತು ಅತಿಥಿಗಳನ್ನು ಬರಮಾಡಿಕೊಳ್ಳಬೇಕಂತೆ. ಫೋಟೊಗಳಲ್ಲಿ ನಾವು ಚೆನ್ನಾಗಿ ಕಾಣುತ್ತೇವೆ. ಆಗ ಟೆವಿನ್ ಮೆತ್ತಗೆ ಹೇಳಿದ, ‘ನಿಂತ್ಕೊಳ್ಳೋಣ. ಒಬ್ಬೊಬ್ಬರನ್ನೂ ತಡೆದು ಮರ್ಯಾದೆಯಾಗಿ ಕೇಳೋಣ, ಸಾರ್, ನಿಮ್ಮ ಐಡಿ ತೋರಿಸ್ತೀರಾ ಅಂತ.’ ನೆಲಮಾಳಿಗೆ ಬಿದ್ದುಬಿದ್ದು ನಕ್ಕಿತು. ಯಾರೂ ಹೊರಗೆ ಬಾಯಿ ಬಿಡಬಾರದು ಎಂದು ಕೈ ಮೇಲೆ ಕೈ ಇಟ್ಟೆವು. ಆ ಭಾನುವಾರ ನಿನಗೆ ಹೇಳಿದಾಗ ನೀನು ನಗಲಿಲ್ಲ. ಹುಡುಗರ ಜೊತೆ ದೊಡ್ಡವರು ಯಾರು ಇರ್ತಾರೆ ಎಂದು ಕೇಳಿದೆ, ನಲವತ್ತಾರು ವರ್ಷದ ನನ್ನನ್ನು ಲೆಕ್ಕಕ್ಕೇ ಹಿಡಿಯದೆ. ಪಾದ್ರಿಗಳೊಬ್ಬರು ಬಾಗಿಲಲ್ಲಿ ನಮ್ಮ ಜೊತೆಗೇ ನಿಲ್ಲುತ್ತಾರೆ ಎಂದ ಮೇಲೆ ನಿನಗೆ ಉಸಿರು ಬಂತು.

ಊಟದ ದಿನ ಏನಾಯಿತು ಎಂದು ಕೇಳು. ಕಾರುಗಳಿಂದ ಟ್ರಸ್ಟಿಗಳು ಇಳಿದರು. ಪ್ರತಿಯೊಬ್ಬರ ಕೊರಳಲ್ಲೂ ದೊಡ್ಡ ಅಕ್ಷರದ ಐಡಿ. ನಾವು ಬಾಯಿ ತೆರೆಯುವ ಮುಂಚೆಯೇ ಅವರೇ ಅದನ್ನು ಎತ್ತಿ ಹಿಡಿದು, ನಗುನಗುತ್ತಾ, ‘ನೋಡಪ್ಪಾ, ನಂದು ಇಲ್ಲಿದೆ’ ಎನ್ನುತ್ತಾ ಒಳಗೆ ಹೋದರು. ಒಬ್ಬ ಮುದುಕ ಟೆವಿನ್‌ನ ಬೆನ್ನು ತಟ್ಟಿದ. ಫೋಟೊದವನು ಅದನ್ನೇ ತೆಗೆದ. ನಮ್ಮ ಗುಟ್ಟು ಯಾರಿಂದಲೋ ಮೊದಲೇ ಹೊರಬಿದ್ದಿತ್ತು, ನಾವು ಟೈ ಸರಿಮಾಡಿಕೊಳ್ಳುತ್ತಾ ನಿಂತೆವು. ನಮ್ಮನ್ನು ಬೈದಿದ್ದರೆ, ಹೊರಗೆ ಹಾಕಿದ್ದರೆ ಇಷ್ಟು ಕೆಡುಕೆನಿಸುತ್ತಿರಲಿಲ್ಲ.

ಮರುದಿನ ಡೀನ್ ಕರೆಸಿದಳು. ಡಾಕ್ಟರ್ ರೆನೆಟಾ ಲ್ಯಾಟಿಮೋರ್, ನಮ್ಮವಳೇ, ಜಾರ್ಜಿಯಾದವಳು, ತಾಯಿ ಈಗಲೂ ಅಲ್ಲೇ ಇದ್ದಾರಂತೆ. ಕಾಫಿ ತರಿಸಿದಳು. ‘ಪೆಟಿಗ್ರೂ ಅವರೇ, ನಿಮ್ಮ ಹುಡುಗರದು ಒಳ್ಳೆ ತಲೆ. ಆದ್ರೆ ಅವಮಾನ ಆಗಿದ್ರೆ ಟ್ರಸ್ಟಿಗಳು ಸಂಘದ ಕೋಣೆಗೇ ಬೀಗ ಹಾಕಿಸ್ತಿದ್ರು. ಅದನ್ನ ತಪ್ಪಿಸಿದೆ ಅಂತ ತಿಳ್ಕೊಳ್ಳಿ’ ಎಂದಳು. ಪಾದ್ರಿಗಳೂ ನಿಲ್ಲುವವರಿದ್ದರಂತೆ, ಹಾಗಾಗಿ ಕೈಮೀರಿ ಹೋಗುತ್ತದೆಂಬ ಭಯ ಇರಲಿಲ್ಲ ಎಂದೂ ಹೇಳಿದಳು. ಏಳುವಾಗ, ‘ನಮ್ಮಮ್ಮ ಕೂಡ ನಿಮ್ಮ ಹುಡುಗರ ಹೆಸರು ಹಿಡಿದು ಪ್ರಾರ್ಥನೆ ಮಾಡ್ತಿದಾರೆ’ ಎಂದಳು. ದೊಡ್ಡ ಕುರ್ಚಿಯವರು ಹೀಗೆಲ್ಲ ಸೌಜನ್ಯ ತೋರಿಸುವುದುಂಟು. ನನ್ನ ಗಮನ ಬೇರೆಡೆ ಇತ್ತು. ಅವಳು ಮಾತಾಡುತ್ತಾ ಮೇಜಿನ ಮೇಲಿನ ಹಾಳೆಯೊಂದನ್ನು ಮಗುಚಿ ಇಟ್ಟಳು, ಅದೇ ಹೊತ್ತಿಗೆ ಬಾಗಿಲಾಚೆ ಲೂಷಿಯಸ್ ಯಾವುದೋ ಕಡತ ಹಿಡಿದು ನಿಂತಿದ್ದ, ಅವನ ಹೆಬ್ಬೆರಳು ಕಡತದ ಅಂಚನ್ನು ಉಜ್ಜುತ್ತಲೇ ಇತ್ತು. ಅಂಗಡಿಯಲ್ಲಿ ಅಂಥ ಹೆಬ್ಬೆರಳು ಕಂಡರೆ ನಾನು ಬಾಗಿಲ ತನಕ ಹಿಂಬಾಲಿಸುತ್ತಿದ್ದೆ.

ಹೆಬ್ಬೆರಳಿನ ವಿಷಯ ನಾನು ಯಾರಿಗೂ ಹೇಳಲಿಲ್ಲ. ಹೇಳುವ ಅಗತ್ಯವೂ ಬರಲಿಲ್ಲ. ಜಮಾರ್ಕಸ್ ಆಗಲೇ ತೀರ್ಮಾನಿಸಿಬಿಟ್ಟಿದ್ದ. ‘ಬೆಳಗ್ಗೆ ಅವಳ ಕಾಫಿ ಲೋಟ ತೊಳೀತಾನೆ, ಸಂಜೆ ನಮ್ ತಲೆ ಬೋಳಿಸ್ತಾನೆ. ಇನ್ಯಾರು ಹೇಳ್ತಾರೆ, ಕುರ್ಚಿ ಹೇಳುತ್ತಾ?’ ಎಂದು ಕೂಗಾಡಿದ. ಲೂಷಿಯಸ್ ಒಂದೇ ಮಾತು ಹೇಳಿದ, ‘ನಾನಲ್ಲ ಅಂದ್ರೆ ನಂಬ್ತೀರಾ? ನಂಬಲ್ಲ ಅಂದ್ಮೇಲೆ ಯಾಕೆ ಹೇಳ್ಲಿ.’ ಎಲ್ಲರೂ ನನ್ನ ಮುಖ ನೋಡಿದರು. ನಾನು ಸುಮ್ಮನಿದ್ದೆ. ನನ್ನ ಸುಮ್ಮನಿರುವಿಕೆಯನ್ನು ಅವರು ತಮಗೆ ಬೇಕಾದ ಹಾಗೆ ಓದಿಕೊಂಡರು, ಲೂಷಿಯಸ್ ಕೂಡ. ಅಂದಿನಿಂದ ಅವನ ಕುರ್ಚಿಯಲ್ಲಿ ಯಾರೂ ಕೂರುತ್ತಿಲ್ಲ. ಸಂಘದ ತಲೆಗಳೆಲ್ಲ ಪೊದೆಯಾಗಿವೆ, ಕಿವಿ ಮುಚ್ಚಿವೆ. ಕಳೆದ ಬುಧವಾರ ಇಸ್ತ್ರಿ ಮಾಡಿದ ಸೂಟುಗಳ ಮೇಲೆ ಆ ತಲೆಗಳನ್ನು ನೋಡಿ ಟೆವಿನ್ ನಗು ತಡೆಯಲಾರದೆ ಹೊರಗೆ ಓಡಿದ. ನೀನಿದ್ದಿದ್ದರೆ ಬಾಚಣಿಗೆ ಹಿಡಿದು ಒಬ್ಬೊಬ್ಬನನ್ನೂ ಮಂಡಿಗಳ ನಡುವೆ ಕೂರಿಸಿಕೊಳ್ಳುತ್ತಿದ್ದೆ, ನನ್ನನ್ನು ಕೂರಿಸಿಕೊಳ್ಳುತ್ತಿದ್ದ ಹಾಗೆ.

ನಿನ್ನೆ ಶನಿವಾರ ನಾನೊಬ್ಬನೇ ಹೋಗಿ ಕೂತೆ. ಅವನ ಮೇಲಿನ ನಂಬಿಕೆಯಿಂದ ಹೋದೆ ಎಂದು ನಿನ್ನೆದುರು ಹೇಳಲಾರೆ. ಅವನ ಕೈಗಳನ್ನು ಹತ್ತಿರದಿಂದ ನೋಡಬೇಕಿತ್ತು. ಕುರ್ಚಿಯಲ್ಲಿ ಕೂತವನಿಗೆ ಕತ್ತರಿಸುವವನ ಕೈ ಕಾಣುವುದಿಲ್ಲ ಎಂಬುದು ಕೂತ ಮೇಲೆ ಹೊಳೆಯಿತು. ಕನ್ನಡಿ ಒಡೆದು ತಿಂಗಳಾಗಿದೆ. ಕಿವಿಯ ಹಿಂದೆ ಕತ್ತಿಯ ತಣ್ಣನೆಯ ಅಂಚು ತಾಗಿದಾಗ ನನ್ನ ಭುಜ ತಾನಾಗಿಯೇ ಮೇಲಕ್ಕೆ ಹೋಯಿತು. ‘ಕತ್ತು ಯಾಕಿಷ್ಟು ಬಿಗಿ ಮಾಡ್ಕೊಂಡಿದೀರಾ ತಾತ? ಸಡಿಲ ಬಿಡಿ. ಕುಯ್ಯೋದಾಗಿದ್ರೆ ಆವತ್ತೇ ಕುಯ್ತಿದ್ದೆ, ನೀವು ಬಾಯಿ ಮುಚ್ಕೊಂಡು ಕೂತಿದ್ರಲ್ಲ, ಆವತ್ತು’ ಎಂದ. ನಾನು ಭುಜ ಇಳಿಸಿದೆ. ಕೆಲಸ ಮುಗಿಸಿ ಕುತ್ತಿಗೆಯ ಕೂದಲನ್ನು ಬ್ರಷ್‌ನಿಂದ ಒರೆಸಿದ, ಎಂದಿನಂತೆ ಎರಡೂ ಕಡೆ ಸಮವಾಗಿದೆಯಾ ಎಂದು ಬಗ್ಗಿ ನೋಡಿದ. ಅಷ್ಟು ಚೆನ್ನಾಗಿ ಅವನು ಹಿಂದೆಂದೂ ಕತ್ತರಿಸಿರಲಿಲ್ಲ. ಹೊರಗೆ ಬಂದ ಮೇಲೆ ಅದೂ ನನ್ನಲ್ಲಿ ಅನುಮಾನವನ್ನೇ ಹುಟ್ಟಿಸಿತು.

ಬುಧವಾರ ಸಭೆ. ಲೂಷಿಯಸ್‌ನನ್ನು ತೆಗೆದುಹಾಕಲು ಹೆಚ್ಚಿನವರು ಕೈ ಎತ್ತುತ್ತಾರೆ. ಆಮೇಲೆ ನಾನು ಎದ್ದು ಹೋಗಿ, ನಾನೇ ಕಟ್ಟಿದ ಗಂಟನ್ನು ಬಿಚ್ಚಬೇಕು. ಹಾಗೆ ಹೋದವನನ್ನು ಈ ಊರಿನಲ್ಲಿ ನಮ್ಮವರು ಯಾರೂ ಮಾತಾಡಿಸುವುದಿಲ್ಲ; ಉಳಿದವರು ಮೊದಲಿಂದಲೂ ಮಾತಾಡಿಸಿಲ್ಲ. ಅವನು ಓದು ಬಿಟ್ಟು ಹೊರಟುಹೋಗುತ್ತಾನೆ, ನನಗದು ಖಚಿತ. ಅವನೇ ಹೇಳಿದ್ದಾದರೆ ಹಿಂಜರಿಯದೆ ಬಿಚ್ಚುತ್ತೇನೆ. ಅವನಲ್ಲದಿದ್ದರೆ ಇನ್ಯಾರು ಎಂದು ಒಬ್ಬೊಬ್ಬರ ಮುಖವನ್ನೂ ನೆನೆಸಿಕೊಂಡು ಕೂತಿದ್ದೇನೆ. ಟೆವಿನ್ ಮೇಲೂ ಅನುಮಾನ ಬಂತು ಅಂದರೆ ನಂಬುತ್ತೀಯಾ? ಬೆನ್ನು ತಟ್ಟಿಸಿಕೊಂಡಾಗ ಅವನು ನಕ್ಕಿದ್ದ.

ನಿನ್ನ ಮಂಡಿಗೆ ಬಿಸಿನೀರಿನ ಚೀಲ ಬಿಡಬೇಡ. ಚರ್ಚಿನಲ್ಲಿ ನನ್ನನ್ನು ಕೇಳಿದವರಿಗೆಲ್ಲ ಚೆನ್ನಾಗಿದ್ದಾನೆ ಎಂದು ಹೇಳು, ಅದಕ್ಕಿಂತ ಹೆಚ್ಚು ಬೇಡ. ಅಮ್ಮನ ಸಮಾಧಿಗೆ ಹೋದಾಗ ನನ್ನ ಹೆಸರಲ್ಲೂ ಒಂದು ಹೂವಿಡು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ತಮ್ಮ,
ಹೊರೇಸ್

ಲಕೋಟೆ ಅಂಟಿಸುವ ಮುಂಚೆ ಇಷ್ಟು: ಬರೆದದ್ದನ್ನು ಒಮ್ಮೆ ಓದಿದೆ. ಪಾದ್ರಿ ಅನ್ನುವವರು ಯಾರೂ ಇರಲಿಲ್ಲ ಅಕ್ಕ. ನಿನಗೆ ಉಸಿರು ಬರಲಿ ಎಂದು ಆ ಭಾನುವಾರ ಫೋನಿನಲ್ಲೇ ನಾನು ಹುಟ್ಟಿಸಿದವರು ಅವರು. ಹುಡುಗರಿಗೆ ಆ ಮಾತೇ ಗೊತ್ತಿಲ್ಲ, ಲೂಷಿಯಸ್‌ಗೂ ಗೊತ್ತಿಲ್ಲ, ಆದರೆ ಡೀನ್‌ಗೆ ಗೊತ್ತಿತ್ತು. ನಾನು ಅವಳ ಕೈ ನೋಡುತ್ತಾ ಕೂತು ಅವಳು ಆಡಿದ ಮಾತನ್ನು ಗಮನಿಸದೆ ಬಿಟ್ಟೆ. ನಿನಗೆ ಹೇಳಿದ ಆ ಭಾನುವಾರದ ಮರುದಿನ ಬೆಳಗ್ಗೆ ಪ್ರಾರ್ಥನೆಯ ಫೋನಿನಲ್ಲಿ ನಿನ್ನ ಸರದಿ ಬಂದಾಗ ನಮ್ಮನ್ನು ಕಾಪಾಡು ಎಂದು ಊಟ, ಬಾಗಿಲು, ಐಡಿ, ಪಾದ್ರಿ ಸಮೇತ ಎಲ್ಲವನ್ನೂ ದೇವರ ಮುಂದೆ ಇಟ್ಟಿರುತ್ತೀಯ. ‘ಹೌದು ತಂದೆ’ ಎಂದವರಲ್ಲಿ ಡೀನ್ ತಾಯಿಯೂ ಇದ್ದಿರಬೇಕು. ನಿನ್ನ ಮೇಲೆ ನನಗೆ ಸಿಟ್ಟಿಲ್ಲ, ಆಕೆಯ ಮೇಲೂ ಇಲ್ಲ. ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ಬುಧವಾರ ಕಳೆದಿರುತ್ತದೆ. ಹೊರಗೆ ಬಾಯಿ ಬಿಟ್ಟವನು ನಾನು ಎಂದು ಹೇಳಿ ನನ್ನ ಟೈಯನ್ನು ನಾನೇ ಬಿಚ್ಚುತ್ತೇನೆ. ಅವನನ್ನು ಉಳಿಸಲು ತಾತ ಕತೆ ಕಟ್ಟುತ್ತಿದ್ದಾನೆ ಎಂದು ಜಮಾರ್ಕಸ್ ಅನುಮಾನಪಡುತ್ತಾನೆ, ಅದನ್ನು ಕಲಿಸಿದವನೂ ನಾನೇ. ಲೂಷಿಯಸ್‌ಗಾಗಿ ಪ್ರಾರ್ಥನೆ ಮಾಡು. ಫೋನು ಇಟ್ಟ ಮೇಲೆ ಮಾಡು, ಮೆತ್ತಗೆ ಮಾಡು. ದೇವರಿಗೆ ಕೇಳಿಸುತ್ತದೆ.