ಅವಳನ್ನು ಹುಡುಕಬೇಡಿ, ಅಕ್ಕ

ಶುಕ್ರವಾರ, ಮಧ್ಯಾಹ್ನ

ಪ್ರೀತಿಯ ಅಕ್ಕ,

ಇದು ಕ್ಷೇಮ ಸಮಾಚಾರ ವಿಚಾರಿಸುವ ಪತ್ರವಲ್ಲ. ನೀವು ಕ್ಷೇಮವಾಗಿಲ್ಲ ಎಂದು ಗೊತ್ತು, ನಾನೂ ಅಷ್ಟಕ್ಕಷ್ಟೇ. ಫೋನ್ ಮಾಡಬಹುದಿತ್ತು. ಆದರೆ ನಿಮ್ಮ ಮನೆಯಲ್ಲಿ ಈಗ ಫೋನನ್ನು ಯಾರು ಎತ್ತುತ್ತಾರೋ ಹೇಳಲಾಗದು. ನೀವೇ ಎತ್ತಿದರೂ ಕಷ್ಟ. ನೀವು ಒಮ್ಮೆ "ಏನೇ ಬಾಲ" ಎಂದುಬಿಟ್ಟರೆ ನಾನು ಹೇಳಬೇಕಾದ ಅರ್ಧ ಮಾತು ಹಾಗೇ ಉಳಿಯುತ್ತದೆ. ಆಫೀಸಿನವರು ನನ್ನನ್ನು ಅಕ್ಕನ ಬಾಲ ಎಂದು ಛೇಡಿಸುವುದು ಸುಮ್ಮನೆ ಅಲ್ಲವಲ್ಲ. ನೀವು ಹೋದ ಕಡೆಗೆಲ್ಲ ನಾನೂ ಹೋದವಳೇ. ಬಾಲ ಬೇರೆ ದಾರಿ ಹಿಡಿದಿರುವುದು ಇದೇ ಮೊದಲು. ಅದಕ್ಕೇ ಈ ಪತ್ರ, ಅದೂ ಮನೆಗಲ್ಲ, ಆಫೀಸಿನ ನಿಮ್ಮ ಮೇಜಿಗೆ, ಇವತ್ತೇ ತಲುಪುವ ಹಾಗೆ.

ಮೊದಲು ನಿಮಗೆ ಬೇಕಾದದ್ದನ್ನು ಹೇಳಿಬಿಡುತ್ತೇನೆ. ನಿಮ್ಮ ಸೊಸೆ ಚೆನ್ನಾಗಿದ್ದಾಳೆ. ಹೊಟ್ಟೆ ತುಂಬ ಉಣ್ಣುತ್ತಿದ್ದಾಳೆ, ಮಧ್ಯಾಹ್ನ ಸ್ವಲ್ಪ ಮಲಗುತ್ತಾಳೆ, ಬಾಗಿಲ ಸದ್ದಾದರೆ ಬೆಚ್ಚುತ್ತಾಳೆ. ಎಲ್ಲಿದ್ದಾಳೆ ಎಂದು ಹೇಳುವುದಿಲ್ಲ. ದಯವಿಟ್ಟು ಅವಳನ್ನು ಹುಡುಕಬೇಡಿ. ನನ್ನ ಮನೆಗೂ ಬರಬೇಡಿ, ನಾನೂ ಅಲ್ಲಿಲ್ಲ.

ಸೋಮವಾರ ನಮ್ಮ ಸಂಸ್ಥೆಯ ಸಹಾಯವಾಣಿಯ ಫೋನು ನನ್ನ ಹತ್ತಿರ ಇತ್ತು. ಅದು ನಿಮ್ಮಿಂದ ನನಗೆ ಬರುವ ದಿನಕ್ಕಾಗಿ ಅವಳು ಕಾಯುತ್ತಿದ್ದಳಂತೆ. ನನಗೆ ಅದೇನು ಗೊತ್ತು. ಯಾರೋ ಹೆಣ್ಣುಮಗಳು, ಪಿಸುಮಾತು. ಗೆಳತಿಗೆ ತೊಂದರೆ ಇದೆ, ಅವಳ ಪರವಾಗಿ ಕೇಳುತ್ತಿದ್ದೇನೆ ಎಂದಳು. ನಮಗೆ ಇಂಥ ಗೆಳತಿಯರು ಹೊಸಬರೇ? ನಾನೂ ಗೆಳತಿಯ ಬಗ್ಗೆಯೇ ಮಾತಾಡಿದೆ. ಗೆಳತಿ ಹೇಗೆ ಹೊರಡಬೇಕು, ಏನು ಎತ್ತಿಕೊಳ್ಳಬೇಕು, ಬಸ್ಸಿನ ಹತ್ತಿರ ಯಾರು ಬರುತ್ತಾರೆ ಎಂದೆಲ್ಲ. ನಮ್ಮದೊಂದು ಮನೆ ಇದೆ, ಅದರ ವಿಳಾಸ ಹೊರಗಿನವರಿಗೆ ಗೊತ್ತಿಲ್ಲ, ಅಲ್ಲಿಗೆ ಯಾರೂ ಬರಲಾರರು ಎಂದು ಧೈರ್ಯ ಹೇಳಿದೆ. ಆಗ ಅವಳು ಪಿಸುಮಾತು ಬಿಟ್ಟು ತನ್ನ ಸ್ವಂತ ಧ್ವನಿಯಲ್ಲಿ ಹೇಳಿದಳು. "ಆ ಮನೆ ಬೇಡ. ಅದರ ಬೀಗದ ಕೈ ನಮ್ಮ ಅಡುಗೆಮನೆ ಗೋಡೆ ಮೇಲೆ ನೇತಾಡ್ತಾ ಇದೆ."

ಆ ಬೀಗದ ಕೈ ಇರುವುದು ಎರಡೇ ಕಡೆ. ಒಂದು ನನ್ನ ಚೀಲದಲ್ಲಿತ್ತು.

ಅಕ್ಕ, ನಾನು ಮೊದಲು ಯೋಚಿಸಿದ್ದು ಅವಳ ಬಗ್ಗೆ ಅಲ್ಲ, ನಿಮ್ಮ ಬಗ್ಗೆ. ಪಾಪ, ಅಕ್ಕನಿಗೆ ಗೊತ್ತಾದರೆ ಕುಸಿದುಹೋಗುತ್ತಾರೆ ಎಂದುಕೊಂಡೆ. ನಿಮ್ಮ ಮಗನನ್ನು ನಾನೂ ಎತ್ತಿ ಆಡಿಸಿದವಳು. ಶಾಲೆಶಾಲೆಗೆ ಹೋಗಿ ಗಂಡುಮಕ್ಕಳಿಗೆ ಸಿಟ್ಟನ್ನು ಹೇಗೆ ನುಂಗಬೇಕು ಎಂದು ಪಾಠ ಮಾಡುವವನು ಅವನು. ಆಫೀಸಿನ ಬಾಗಿಲಲ್ಲಿರುವ ಪೋಸ್ಟರಿನಲ್ಲಿ, ಹೊಡೆತ ನಿಲ್ಲಿಸಿ ಎಂದು ಅಂಗೈ ತೋರಿಸುತ್ತಾ ನಿಂತವನು. ಅಂಥ ಮಗನನ್ನು ಬೆಳೆಸಿದ್ದೀರಲ್ಲ ಎಂದು ಎಷ್ಟು ಜನ ನಿಮ್ಮ ಕೈ ಹಿಡಿದು ಹೇಳಿದ್ದಾರೆ. ಪಕ್ಕದಲ್ಲಿ ನಿಂತು ನಾನೂ ಉಬ್ಬಿಹೋಗಿದ್ದೇನೆ. ಹಾಗಾಗಿ ಸೊಸೆಯನ್ನು ಮೊದಲು ಸುರಕ್ಷಿತವಾಗಿ ಕೂರಿಸಿ, ಆಮೇಲೆ ನಿಮ್ಮನ್ನು ಪಕ್ಕಕ್ಕೆ ಕರೆದು ಮೆತ್ತಗೆ ಹೇಳೋಣ ಎಂದಿದ್ದೆ.

ಎಲ್ಲಿ ಕೂರಿಸುವುದು? ಅವತ್ತು ನನಗೆ ನಿಜವಾದ ಭಯ ಹತ್ತಿಕೊಂಡಿತು. ಈ ಊರಿನಲ್ಲಿ ಹೆಣ್ಣೊಬ್ಬಳು ಅಡಗಿಕೊಳ್ಳಬಹುದಾದ ಎಲ್ಲ ಜಾಗಗಳೂ ನೀವೇ ಹುಡುಕಿದ್ದು. ಹಿತ್ತಿಲ ಬಾಗಿಲುಗಳು ಎಂದು ಅವಕ್ಕೆ ಹೆಸರಿಟ್ಟವರೂ ನೀವೇ. ದರ್ಜಿಯ ಅಂಗಡಿಯ ಹಿಂದಿನ ಕೋಣೆ, ನಿವೃತ್ತ ಟೀಚರ ಮಹಡಿ, ಬೇಕರಿಯವರ ಗೋದಾಮಿನ ಮೇಲಿನ ಅಟ್ಟ, ಒಂದೊಂದು ಮನೆಯವರ ಜೊತೆಗೂ ನೀವು ಕೂತು, ಟೀ ಕುಡಿದು, ಅವರ ಮನಸ್ಸು ಗೆದ್ದು ಕಟ್ಟಿದ ಜಾಲ ಅದು. ಅಡಗಿದವಳ ಬಗ್ಗೆ ಅವರು ಬಾಯಿ ಬಿಡಬೇಕಾದರೆ ಕೇಳುವವರು "ನಿಮ್ಮ ಕೊಡೆ ನಮ್ಮ ಹತ್ತಿರ ಉಳಿದಿದೆ" ಎನ್ನಬೇಕು. ಆ ಮಾತನ್ನು ಕಟ್ಟಿದ್ದೂ ನೀವೇ. ಹುಡುಕಿಕೊಂಡು ಬರುವ ಗಂಡ, ಕಣ್ಣೀರು ಹಾಕುವ ಅತ್ತೆ, ಹೆದರಿಸುವ ಅಣ್ಣ, ಯಾರೇ ಬರಲಿ, ಕೊಡೆಯ ಮಾತು ಬಾರದವರಿಗೆ ಆ ಮನೆಗಳಲ್ಲಿ ಉತ್ತರವಿಲ್ಲ. ಬೇರೆ ಜಾಗ ಹೊಳೆಯದೆ ಮಂಗಳವಾರ ಅವಳನ್ನು ದರ್ಜಿಯ ಹತ್ತಿರವೇ ಬಿಟ್ಟೆ. ದರ್ಜಿ ತುಟಿ ಪಿಟಕ್ಕೆನ್ನದ ಹೆಂಗಸು. ಬಂದವಳು ಯಾರ ಸೊಸೆ ಎಂದು ಅವರಿಗೆ ನಾನು ಹೇಳಲಿಲ್ಲ.

ಆ ಹಿಂದಿನ ಕೋಣೆಯಲ್ಲಿ, ಬಟ್ಟೆ ಗಂಟುಗಳ ನಡುವೆ ಕೂತು ಅವಳು ಸ್ವೆಟರ್ ಬಿಚ್ಚಿದಾಗ ಎಡಗೈಯ ಬ್ಯಾಂಡೇಜು ಕಂಡಿತು. ಮೊಣಕೈಯಿಂದ ಮಣಿಕಟ್ಟಿನವರೆಗೆ, ಒಂದು ಸುಕ್ಕಿಲ್ಲದ ಹಾಗೆ. ಇಸ್ತ್ರಿಪೆಟ್ಟಿಗೆ ತಾಗಿತು ಎಂದಳು. ತಾಗಿತೋ, ತಾಗಿಸಿದನೋ ಎಂದು ಕೇಳಿದೆ. ಬಿಚ್ಚಿದ ಸ್ವೆಟರನ್ನು ಕೈಯ ಮೇಲೆ ಎಳೆದುಕೊಂಡಳು. ಯಾರು ಕಟ್ಟಿದ್ದು ಎಂದು ಕೇಳಿದೆ. ತಾನೇ ಕಟ್ಟಿಕೊಂಡೆ ಎಂದು ಸುಳ್ಳು ಹೇಳಿದಳು. ಬ್ಯಾಂಡೇಜಿನ ತುದಿಯನ್ನು ಮೂಲೆಮೂಲೆಗೆ ಮಡಚಿ, ಪಿನ್ನು ಹಾಕದೆ ಒಳಕ್ಕೆ ತೂರಿಸಿದ್ದರು. ಹಾಗೆ ಕಟ್ಟುವವರನ್ನು ನಾನು ನೋಡಿರುವುದು ಒಬ್ಬರನ್ನೇ. ಆಸ್ಪತ್ರೆಯ ಆ ತುರ್ತು ವಾರ್ಡಿನಲ್ಲಿ ಆಗ ನೀವು ನರ್ಸು, ನಾನು ಕಕ್ಷಿದಾರರೇ ಇಲ್ಲದ ವಕೀಲೆ. ಬಚ್ಚಲಲ್ಲಿ ಜಾರಿ ಬಿದ್ದೆವು ಎಂದು ಬರುತ್ತಿದ್ದ ಹೆಂಗಸರಿಗೆ ನೀವು ಹೀಗೇ ಕಟ್ಟು ಕಟ್ಟಿ, ಕಿವಿಯಲ್ಲಿ ಏನೋ ಹೇಳಿ ನನ್ನ ಹತ್ತಿರ ಕಳಿಸುತ್ತಿದ್ದಿರಿ. ನಮ್ಮ ಸಂಸ್ಥೆ ಹುಟ್ಟಿದ್ದೇ ಆ ಕಟ್ಟಿನಿಂದ.

ನಿಮಗೆ ಗೊತ್ತಿತ್ತು, ಅಕ್ಕ.

ನಾನು ಎದ್ದು ಅಂಗಡಿಯ ಮುಂದಿನ ಭಾಗಕ್ಕೆ ಬಂದು ನಿಂತೆ. ಮತ್ತೆ ಒಳಗೆ ಹೋದಾಗ ಅವಳು ನಿಮ್ಮ ಪರವಾಗಿಯೇ ವಾದ ಶುರುಮಾಡಿದಳು. ಅತ್ತೆ ಕೆಟ್ಟವರಲ್ಲ, ಮುಲಾಮು ಹಚ್ಚಿದರು, ತಮ್ಮ ಕೋಣೆಯಲ್ಲೇ ಮಲಗಿಸಿಕೊಂಡರು, ಮಗನಿಗೆ ಬೈದರು ಎಂದಳು. ಆಸ್ಪತ್ರೆಗೆ ಯಾಕೆ ಕರೆದುಕೊಂಡು ಹೋಗಲಿಲ್ಲ ಎಂದೆ. ಅಲ್ಲಿ ಎಲ್ಲರಿಗೂ ಅತ್ತೆಯ ಪರಿಚಯ ಎಂದಳು. ಹೊರಗೆ ಗೊತ್ತಾದರೆ ಸಂಸ್ಥೆ ಮುಳುಗುತ್ತದೆ, ಇನ್ನು ಯಾವ ಹೆಣ್ಣು ನಮ್ಮ ಬಾಗಿಲು ತಟ್ಟುತ್ತಾಳೆ, ನೂರಾರು ಜನರ ಮುಖ ನೋಡಿ ಸ್ವಲ್ಪ ತಡೆದುಕೋ ಎಂದಿರಂತೆ. ಅದನ್ನೂ ನಾನು ಹೇಗೋ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆ. ಆದರೆ ಬ್ಯಾಂಡೇಜು ಸುತ್ತುತ್ತಾ ನೀವು ಕೇಳಿದ ಮೊದಲ ಮಾತು ಯಾವುದೆಂದು ಅವಳು ಹೇಳಿದಾಗ ನನಗೆ ತಡೆಯಲಾಗಲಿಲ್ಲ. "ನೀನು ಏನಂದೆ ಅವನಿಗೆ?"

ಹೊಸದಾಗಿ ಸೇರುವ ಪ್ರತಿ ಹುಡುಗಿಗೂ ನೀವು ಕಲಿಸುವ ಮೊದಲ ಪಾಠ, ಆ ಪ್ರಶ್ನೆಯನ್ನು ಬಾಯಲ್ಲಿ ತರಬಾರದು ಎಂಬುದು. ಒಬ್ಬಳು ತಪ್ಪಿ ಕೇಳಿದ್ದಕ್ಕೆ ಇಡೀ ತಿಂಗಳು ಅವಳನ್ನು ಫೋನಿನ ಹತ್ತಿರ ಬಿಡಲಿಲ್ಲ ನೀವು. ಅವತ್ತು ಅದು ಅತಿಯಾಯಿತು ಎಂದು ನಾನು ಜಗಳ ಆಡಿದ್ದೆ. ನೀವೇ ಸರಿ ಎಂದು ಈಗ ಅನ್ನಿಸುತ್ತಿದೆ, ಆದರೆ ಅದನ್ನು ನಿಮಗೆ ಹೇಳಬೇಕಾದ ರೀತಿ ನೋಡಿ.

ಬುಧವಾರ ಬೆಳಿಗ್ಗೆಯೇ ಅವಳನ್ನು ದರ್ಜಿಯ ಮನೆಯಿಂದ ಹೊರಡಿಸಿದೆ. ಅದೃಷ್ಟ. ಮಧ್ಯಾಹ್ನ ನಿಮ್ಮ ಫೋನು ಅಲ್ಲಿಗೆ ಹೋಯಿತು. ದರ್ಜಿ ನನಗೆ ಎಲ್ಲ ಹೇಳಿದ್ದಾರೆ, ಅವರನ್ನು ಬೈಯಬೇಡಿ. ಪಾಪ, ಅವರು ತಮ್ಮ ಕೆಲಸ ನಿಯತ್ತಾಗಿ ಮಾಡಿದ್ದಾರೆ. "ನಿಮ್ಮ ಕೊಡೆ ನಮ್ಮ ಹತ್ತಿರ ಉಳಿದಿದೆ" ಎಂದಿರಿ. ಅವರಿಗೆ ಸಮಾಧಾನವಾಯಿತು. ಹುಡುಗಿ ಹುಷಾರಾಗಿದ್ದಾಳಾ, ಅಷ್ಟು ಹೇಳಿ ಸಾಕು ಎಂದಿರಿ. ಹುಷಾರಾಗಿದ್ದಾಳೆ, ಬೆಳಿಗ್ಗೆ ನಿಮ್ಮ ಬಾಲವೇ ಬಂದು ಕರೆದುಕೊಂಡು ಹೋಯಿತಲ್ಲ ಎಂದು ಅವರು ನಗುತ್ತಾ ಹೇಳಿದರು.

ಸಂಸ್ಥೆ ಕಟ್ಟಿದಾಗಿನಿಂದ ಕೊಡೆಯ ಮಾತನ್ನು ಯಾರೂ ತಪ್ಪಾಗಿ ಬಳಸಿರಲಿಲ್ಲ. ಎಷ್ಟು ಗಂಡಂದಿರು ಎಷ್ಟು ಉಪಾಯ ಮಾಡಿದರೂ ಅದು ಅವರ ಕೈಗೆ ಸಿಕ್ಕಿರಲಿಲ್ಲ. ಅದನ್ನು ಮನೆಯೊಳಗಿನಿಂದಲೇ ತೆಗೆದುಕೊಟ್ಟಿರಿ. ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ಅವಳನ್ನು ಮಗಳ ಹಾಗೆ ನೋಡಿಕೊಂಡಿದ್ದೀರಿ, ಅದು ಸುಳ್ಳಲ್ಲ. ಅವಳು ಹುಷಾರಾಗಿದ್ದಾಳೆ ಎಂದು ತಿಳಿದು ನೀವು ಸುಮ್ಮನಿದ್ದಿದ್ದರೆ ಈ ಪತ್ರ ಬೇರೆ ರೀತಿ ಇರುತ್ತಿತ್ತು. ಆದರೆ ಗುರುವಾರ ಬೆಳಿಗ್ಗೆ ನಿಮ್ಮ ಮಗ ನನ್ನ ಬಾಗಿಲಿಗೆ ಬಂದ. ಅವಳು ನನ್ನ ಜೊತೆ ಹೋಗಿದ್ದು ದರ್ಜಿಯನ್ನೂ ನಿಮ್ಮನ್ನೂ ಬಿಟ್ಟು ಇನ್ಯಾರಿಗೂ ಗೊತ್ತಿರಲಿಲ್ಲ. ಚಿಕ್ಕಮ್ಮ, ಅವಳನ್ನು ಕಳಿಸಿಕೊಡಿ ಎಂದ. ಇಲ್ಲಿಲ್ಲ ಎಂದೆ. ಅಮ್ಮನೇ ಹೇಳಿದ್ದಾರೆ, ನಾಟಕ ಬೇಡ ಎಂದ. ಸ್ವಲ್ಪ ಹೊತ್ತು ಇದ್ದು ಹೋದ. ಅದರ ಬಗ್ಗೆ ಈಗ ಹೆಚ್ಚಿಗೆ ಏನೂ ಬೇಡ.

ನೀವು ಅವನಿಗೆ ಯಾಕೆ ಹೇಳಿದಿರಿ ಎಂದು ನಿನ್ನೆಯಿಂದ ತಲೆ ಕೆಡಿಸಿಕೊಂಡಿದ್ದೇನೆ. ಅವನು ಅತ್ತಿರಬೇಕು. ನಿಮ್ಮ ತೊಡೆಯ ಮೇಲೆ ತಲೆಯಿಟ್ಟು ಇನ್ನೊಮ್ಮೆ ಹೀಗಾಗಲ್ಲ ಎಂದಿರಬೇಕು. ಆ ಅಳು ನಮಗೆ ಬಾಯಿಪಾಠವಾಗಿದೆ ಅಕ್ಕ, ಬೇರೆಯವರ ಮನೆಯಲ್ಲಿ ಅದನ್ನು ಕೇಳಿದರೆ ನೀವು ಕುರ್ಚಿ ಬಿಟ್ಟು ಎದ್ದು ಬರುತ್ತೀರಿ. ನನಗೆ ನಿಮ್ಮ ಮೇಲೆ ಕೆಂಡದಂಥ ಸಿಟ್ಟಿದೆ. ಜೊತೆಗೇ, ಆ ಮನೆಯಲ್ಲಿ ಅವನ ಜೊತೆ ನೀವೊಬ್ಬರೇ ಇದ್ದೀರಿ ಎಂದು ನೆನೆದರೆ ಈಗಲೇ ಬಂದು ನಿಮ್ಮನ್ನು ಕರೆದುಕೊಂಡು ಹೋಗಬೇಕೆನ್ನಿಸುತ್ತದೆ. ಎರಡೂ ನಿಜ. ಯಾವುದು ಹೆಚ್ಚು ಎಂದು ನನ್ನನ್ನು ಕೇಳಬೇಡಿ.

ಈಗ ವಕೀಲೆಯಾಗಿ ಒಂದು ಮಾತು. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಠಾಣೆಯಲ್ಲಿ ಅವಳು ಹೇಳಿಕೆ ಕೊಡುತ್ತಾಳೆ. ಇಸ್ತ್ರಿಪೆಟ್ಟಿಗೆ ತನ್ನಷ್ಟಕ್ಕೆ ತಾಗಿತು ಎಂದು ಅವನು ಹೇಳುತ್ತಾನೆ. ಅವಳ ಮಾತು ಒಂದು ಕಡೆ, ಶಾಲೆಮಕ್ಕಳೆಲ್ಲ ಮೇಷ್ಟ್ರೇ ಎಂದು ಮುತ್ತಿಕೊಳ್ಳುವ ಅವನ ಮಾತು ಒಂದು ಕಡೆ. ಆಸ್ಪತ್ರೆಯ ಚೀಟಿ ಇಲ್ಲ, ವೈದ್ಯರು ನೋಡಿಲ್ಲ. ಹಸಿ ಗಾಯವನ್ನು ನೋಡಿದವರು, ಅದು ತಾಗಿದ್ದಲ್ಲ, ಒತ್ತಿ ಹಿಡಿದದ್ದು ಎಂದು ಅನುಭವದಿಂದ ಹೇಳಬಲ್ಲವರು ಒಬ್ಬರೇ. ಅವರು ಅವನ ತಾಯಿ. ಇಂಥ ಸಾಕ್ಷಿಗಾಗಿ ನಾವಿಬ್ಬರೂ ಎಷ್ಟು ಅತ್ತೆಯರ ಕಾಲು ಹಿಡಿದಿದ್ದೇವೆ. ಹೊಸಿಲಲ್ಲೇ ನಿಂತು ನಮ್ಮ ಮುಖಕ್ಕೆ ಬಾಗಿಲು ಹಾಕಿದವರನ್ನು ನೀವು ಏನೆಂದು ಬೈಯುತ್ತಿದ್ದಿರಿ ಎಂದು ನೆನಪಿಸುವುದಿಲ್ಲ.

ಸಂಸ್ಥೆ ಮುಳುಗಬಹುದು. ಹಣ ಕೊಡುವವರು ಮುಖ ತಿರುಗಿಸಬಹುದು, ಪತ್ರಿಕೆಯವರು ಪೋಸ್ಟರಿನ ಫೋಟೋ ಹುಡುಕಿ ತೆಗೆಯಬಹುದು. ಮುಳುಗಲಿ. ಅಂಗಡಿಯ ಹಿಂದಿನ ಒಂದು ಕೋಣೆಯಿಂದ ಮತ್ತೆ ಶುರು ಮಾಡೋಣ, ಅದು ನಮಗೆ ಹೊಸದಲ್ಲ. ಆದರೆ ನಿಮ್ಮ ಸ್ವಂತ ಸೊಸೆ ಅಡಗಲು ಜಾಗವಿಲ್ಲದ ಸಂಸ್ಥೆಯನ್ನು ಉಳಿಸಿಕೊಂಡು ನಾವಿಬ್ಬರೂ ಏನು ಮಾಡುವುದು, ಹೇಳಿ.

ನಮ್ಮ ಆ ಗುಟ್ಟಿನ ಮನೆಯ ಬೀಗ ಇವತ್ತು ಬದಲಾಗಿದೆ. ಕೊಡೆಯ ಮಾತು ಇನ್ನು ನಡೆಯುವುದಿಲ್ಲ ಎಂದು ಎಲ್ಲ ಮನೆಗಳಿಗೂ ಹೇಳಿಯಾಯಿತು. ನಿಮ್ಮಿಂದ ಕಿತ್ತುಕೊಂಡ ಹಾಗೆ ಮಾಡಿದ್ದಕ್ಕೆ ನನಗೆ ದುಃಖವಿದೆ, ಪಶ್ಚಾತ್ತಾಪವಿಲ್ಲ. ನಾಳೆ ಬನ್ನಿ ಅಕ್ಕ. ಸಾಧ್ಯವಾದರೆ ಇವತ್ತೇ ಆಫೀಸಿನಿಂದ ಮನೆಗೆ ಹೋಗದೆ ಟೀಚರ ಮಹಡಿಗೆ ಹೋಗಿ ಮಲಗಿ. ಅವರಿಗೆ ಹೇಳಿಟ್ಟಿದ್ದೇನೆ, ಯಾರ ಹೆಸರೂ ಹೇಳಬೇಕಾಗಿಲ್ಲ.

ಏನೇ ಆದರೂ ನಿಮ್ಮವಳೇ,
ಬಾಲ

ತಾ.ಕ.: ಇದು ನನ್ನ ಅಕ್ಷರವಲ್ಲ ಎಂದು ನಿಮಗೆ ಮೊದಲ ಸಾಲಿನಲ್ಲೇ ಗೊತ್ತಾಗಿರುತ್ತದೆ. ಯಾರದು ಎಂದೂ ಗೊತ್ತಾಗಿರುತ್ತದೆ. ನಿನ್ನೆ ಬಾಗಿಲಲ್ಲಿ ಅವನು ನನ್ನ ಬಲಗೈ ತಿರುಚಿದ, ಮಣಿಕಟ್ಟಿನ ಮೂಳೆ ಮುರಿದಿದೆ. ನಾನು ನೇರ ಆಸ್ಪತ್ರೆಗೆ ಹೋದೆ, ಎಕ್ಸ್‌ರೇ ಇದೆ, ನನ್ನ ಹೆಸರಿನಲ್ಲಿ ದೂರು ದಾಖಲಾಗಿದೆ. ಇದು ನಿಮ್ಮ ಕೈ ಸೇರುವ ಹೊತ್ತಿಗೆ ಅವನನ್ನು ಕರೆದೊಯ್ಯಲು ನಿಮ್ಮ ಮನೆಗೆ ಪೊಲೀಸರು ಬಂದಿರುತ್ತಾರೆ. ನನ್ನ ಕೈಗೆ ನಿಮ್ಮ ಸಾಕ್ಷಿ ಬೇಕಾಗಿಲ್ಲ. ಬೇಕಾಗಿರುವುದು ಇವಳ ಕೈಗೆ. ಬೇರೆಯವರ ಹತ್ತಿರ ಬರೆಸೋಣ ಎಂದರೆ ನಿಮ್ಮ ಸೊಸೆ ಕೇಳಲಿಲ್ಲ, ತಾನೇ ಬರೆಯುತ್ತೇನೆ ಎಂದು ಹಟ ಹಿಡಿದಳು. ನಾನು ಹೇಳಿದ್ದರಲ್ಲಿ ಒಂದು ಅಕ್ಷರ ಬದಲಿಸಿಲ್ಲ. ಕೊನೆಯ ಸಾಲುಗಳು ಮಾತ್ರ ತನ್ನವು ಎಂದಿದ್ದಾಳೆ, ನನಗೂ ಓದಿ ಹೇಳಿಲ್ಲ.

ಅತ್ತೆ, ನಾಳೆ ನೀವು ಬರದಿದ್ದರೂ ನಾನು ಹೋಗ್ತೀನಿ. ಬಂದರೆ ನನ್ನ ಪಕ್ಕದ ಕುರ್ಚಿಯಲ್ಲಿ ಕೂತ್ಕೊಳ್ಳಿ. ಎದುರಿನದರಲ್ಲಿ ಬೇಡ.